ಸ್ಟರ್ಲಿಂಗ್‌ನಲ್ಲಿ ಐದು ದಿನ: ಅಪ್ಪ-ಅಮ್ಮನಿಗೆ ಏನೇನು ತೋರಿಸಲಿ?

ಪಾಂಡವಪುರದ_ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಸ್ಕಾಟ್‌ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ್ದಾನೆ. ಜೂನ್ ಕೊನೆಯಲ್ಲಿ ಪದವಿ ಪ್ರದಾನ ಇದೆ. ಅದಕ್ಕೆ ಅಪ್ಪ-ಅಮ್ಮ ಊರಿನಿಂದ ಬರುತ್ತಿದ್ದಾರೆ. ಇಬ್ಬರಿಗೂ ಇದು ಮೊದಲ ವಿಮಾನ ಪ್ರಯಾಣ. ನಾನು ಲೆಸ್ಟರ್‌ನಿಂದ ಹೋಗಿ ಸೇರಿಕೊಳ್ಳುತ್ತೇನೆ.

ಸಮಾರಂಭದ ದಿನ ಬಿಟ್ಟು ನಮಗೆ ಐದು ದಿನ ಸಿಗುತ್ತದೆ. ತಮ್ಮನಿಗೆ ಓದು ಮತ್ತು ಪಾರ್ಟ್‌ಟೈಮ್ ಕೆಲಸದ ನಡುವೆ ಊರು ನೋಡಲು ಬಿಡುವೇ ಆಗಲಿಲ್ಲ, ಅವನನ್ನು ಕೇಳಿ ಪ್ರಯೋಜನವಿಲ್ಲ. ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಜಾಸ್ತಿ ಹತ್ತಲಾರರು. ಮಾಂಸ ತಿನ್ನುವುದಿಲ್ಲ. ಅಪ್ಪ ರೈತರು, ಭತ್ತ, ಕಬ್ಬು, ಸ್ವಲ್ಪ ರಾಗಿ. ಅವರಿಗೆ ಅಂಗಡಿ ಬೀದಿ, ಮ್ಯೂಸಿಯಂಗಿಂತ ಹೊಲ, ನೀರು, ದನ ನೋಡಿದರೆ ಖುಷಿ. ಕಾರು ಇಲ್ಲ. ಎಡಿನ್‌ಬರೋದಲ್ಲಿ ರೂಮ್ ಮಾಡಿ ಸ್ಟರ್ಲಿಂಗ್‌ಗೆ ಒಂದು ದಿನ ಬಂದು ಹೋದರೆ ಸಾಕಾ, ಅಥವಾ ಸ್ಟರ್ಲಿಂಗ್‌ನಲ್ಲೇ ಉಳಿಯಬೇಕಾ?

ಮಳೆಬಿಲ್ಲು

ನನ್ನ ಪ್ರಕಾರ ಎಡಿನ್‌ಬರೋದಲ್ಲೇ ಉಳಿಯಿರಿ. ಸ್ಟರ್ಲಿಂಗ್ ಚಿಕ್ಕ ಊರು. ರೈಲಿನಲ್ಲಿ 50 ನಿಮಿಷ ಅಷ್ಟೇ. ಬೆಳಿಗ್ಗೆ ಹೋಗಿ ಕೋಟೆ ನೋಡಿ ಸಂಜೆ ವಾಪಸ್ ಬರಬಹುದು. ನಾವು ಹಾಗೇ ಮಾಡಿದ್ದು, ಏನೂ ತಪ್ಪಿಸಿಕೊಂಡೆವು ಅನಿಸಲಿಲ್ಲ. ಒಂದು ಸಮಾಧಾನದ ವಿಷಯ, 2025ರ ಸೆಪ್ಟೆಂಬರ್‌ನಿಂದ ಸ್ಕಾಟ್‌ರೈಲ್‌ನಲ್ಲಿ ಬೆಳಗಿನ ಹೊತ್ತಿನ ದುಬಾರಿ ದರ ಇಲ್ಲ. ಯಾವ ಹೊತ್ತಿಗೆ ಹೊರಟರೂ ಒಂದೇ ದರ.

ಫೋರ್ತ್_ದಂಡೆ

ನಾನು ಸ್ಟರ್ಲಿಂಗ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಮಳೆಬಿಲ್ಲು ಅವರ ಮಾತು ನಾನು ಒಪ್ಪುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಒಂದೇ ದಿನಕ್ಕೆ ಬಂದವರು ಕೋಟೆ ಮಾತ್ರ ನೋಡುತ್ತಾರೆ. ಕೋಟೆ ಅಲ್ಲಿ ಯಾಕಿದೆ ಅನ್ನುವುದು ಗೊತ್ತಾಗಬೇಕಾದರೆ ಸುತ್ತಲಿನ ಬಯಲು ನೋಡಬೇಕು.

ಸ್ವಲ್ಪ ವಿವರವಾಗಿ ಹೇಳುತ್ತೇನೆ ತಂಗಿ, ಯಾಕೆಂದರೆ ನಿಮ್ಮ ಅಪ್ಪನಿಗೆ ಇದು ಖಂಡಿತ ಹಿಡಿಸುತ್ತದೆ. ಸ್ಟರ್ಲಿಂಗ್ ಒಂದು ದೊಡ್ಡ ಕಪ್ಪು ಬಂಡೆ. ಅದರ ಸುತ್ತ ಚಪ್ಪಟೆ ನೆಲ. ಆ ನೆಲದಲ್ಲಿ ಫೋರ್ತ್ ನದಿ ಹಾವಿನ ಹಾಗೆ ಸುತ್ತಿ ಸುತ್ತಿ ಹರಿಯುತ್ತದೆ. ಹಿಂದೆ ಈ ಬಯಲಿನ ಪಶ್ಚಿಮದ ಭಾಗವೆಲ್ಲ ಜೌಗು. ದಕ್ಷಿಣದಿಂದ ಉತ್ತರಕ್ಕೆ ಸೈನ್ಯವಾಗಲಿ ದನದ ಮಂದೆಯಾಗಲಿ ಹೋಗಬೇಕಾದರೆ ಇಲ್ಲಿನ ಸೇತುವೆಯನ್ನೇ ದಾಟಬೇಕಿತ್ತು. ಅದಕ್ಕೇ ಈ ಬಂಡೆ ಯಾರ ಕೈಯಲ್ಲಿದೆಯೋ ಸ್ಕಾಟ್‌ಲೆಂಡ್ ಅವರ ಕೈಯಲ್ಲಿ. ಇಂಗ್ಲಿಷರ ವಿರುದ್ಧ ಎರಡು ದೊಡ್ಡ ಯುದ್ಧ ಇಲ್ಲೇ ಆಗಿದ್ದು ಆ ಕಾರಣಕ್ಕೆ. 1297ರಲ್ಲಿ ಸ್ಟರ್ಲಿಂಗ್ ಸೇತುವೆಯಲ್ಲಿ ಒಂದು, 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಇನ್ನೊಂದು. ಕೋಟೆಯ ಗೋಡೆ ಮೇಲೆ ನಿಂತರೆ ಎರಡೂ ಜಾಗದ ಕಡೆ ಕೈ ತೋರಿಸಬಹುದು.

ಮೊದಲ ದಿನ ಕೋಟೆಗೆ ಕೊಡಿ. ಸ್ಟೇಷನ್‌ನಿಂದ ನಡೆದರೆ ಇಪ್ಪತ್ತು ನಿಮಿಷ, ಆದರೆ ಪೂರ್ತಿ ಏರು ಮತ್ತು ಕಲ್ಲುಹಾಸು. ಅಮ್ಮನಿಗೆ ಟ್ಯಾಕ್ಸಿ ಮಾಡಿ. ಇಳಿಯುವಾಗ ನಿಧಾನಕ್ಕೆ ನಡೆದು ಬನ್ನಿ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಂಡರೆ ಸ್ವಲ್ಪ ಕಡಿಮೆ.

ಒಳಗೆ ಹೋದರೆ ಅರಿಶಿನ ಬಳಿದ ಹಾಗೆ ಒಂದು ದೊಡ್ಡ ಕಟ್ಟಡ ಕಾಣುತ್ತದೆ. ಅದು ನಾಲ್ಕನೇ ಜೇಮ್ಸ್ ಕಟ್ಟಿಸಿದ ಗ್ರೇಟ್ ಹಾಲ್, 1500ರ ಆಸುಪಾಸಿನದು. ಮುಂದೆ ಸೈನಿಕರ ಬ್ಯಾರಕ್ ಆಗಿ ಹಾಳಾಗಿತ್ತು. 1999ರಲ್ಲಿ ದುರಸ್ತಿ ಮುಗಿದಾಗ ಹಳೆಯ ಕಾಲದಲ್ಲಿ ಇದ್ದ ಹಾಗೆ ಸುಣ್ಣ ಬಳಿದು ಈ ಬಣ್ಣ ತಂದರು. ಬೂದು ಕಲ್ಲಿನ ಊರಿಗೆ ಈ ಬಣ್ಣ ಯಾಕೆ ಅಂತ ಆಗ ಕೆಲವರು ಗೊಣಗಿದ್ದರಂತೆ. ನನಗಂತೂ ಮೋಡ ಕವಿದ ದಿನ ಬಯಲಿನಿಂದ ಅದನ್ನು ನೋಡಿದರೆ ಮನಸ್ಸು ತುಂಬುತ್ತದೆ.

ಪಕ್ಕದಲ್ಲೇ ಐದನೇ ಜೇಮ್ಸ್‌ನ ಅರಮನೆ. ಅದರ ಒಳಗೆ ಓಕ್ ಮರದಲ್ಲಿ ಕೆತ್ತಿದ ದುಂಡು ದುಂಡು ಮುಖಗಳ ಚಾವಣಿ ಇದೆ, ಸ್ಟರ್ಲಿಂಗ್ ಹೆಡ್ಸ್ ಅನ್ನುತ್ತಾರೆ. ಹಳೆಯ ಅಸಲಿ ಕೆತ್ತನೆಗಳನ್ನು ಬೇರೆ ಕೋಣೆಯಲ್ಲಿ ಹತ್ತಿರದಿಂದ ನೋಡಬಹುದು. ಗೋಡೆಗೆ ಯೂನಿಕಾರ್ನ್ ಬೇಟೆಯ ನೇಯ್ಗೆ ಚಿತ್ರಗಳು. ನ್ಯೂಯಾರ್ಕ್ ಮ್ಯೂಸಿಯಂನಲ್ಲಿರುವ ಹಳೆಯ ನೇಯ್ಗೆಗಳನ್ನು ನೋಡಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೈಯಲ್ಲೇ ನೇಯ್ದದ್ದು. ಕೊಂಬಿನ ಕುದುರೆ ಸ್ಕಾಟ್‌ಲೆಂಡಿನ ಲಾಂಛನದ ಪ್ರಾಣಿ. ನಮಗೆ ಗಂಡಭೇರುಂಡ ಇದ್ದ ಹಾಗೆ ಅಂತ ಅಮ್ಮನಿಗೆ ಹೇಳಿ, ತಕ್ಷಣ ಅರ್ಥವಾಗುತ್ತದೆ.

ಇಳಿಯುವ ದಾರಿಯಲ್ಲಿ ಹೋಲಿ ರೂಡ್ ಚರ್ಚ್ ಇದೆ. 1567ರ ಜುಲೈಯಲ್ಲಿ ಹದಿಮೂರು ತಿಂಗಳ ಕೂಸು ಆರನೇ ಜೇಮ್ಸ್‌ಗೆ ಪಟ್ಟ ಕಟ್ಟಿದ್ದು ಇಲ್ಲಿ. ಅವನ ತಾಯಿ ಮೇರಿಗೆ 1543ರಲ್ಲಿ ಮೇಲಿನ ಕೋಟೆಯಲ್ಲಿ ಪಟ್ಟವಾದಾಗ ಅವಳಿಗೂ ಒಂಬತ್ತೇ ತಿಂಗಳು. ತಲೆ ಎತ್ತಿ ಚರ್ಚಿನ ಮರದ ಚಾವಣಿ ನೋಡುವುದನ್ನು ಮರೆಯಬೇಡಿ. ಪಕ್ಕದ ಕವೇನ್ಸ್ ಆಸ್ಪತ್ರೆ ಅನ್ನುವುದು ಬಡ ವ್ಯಾಪಾರಿಗಳಿಗಾಗಿ ಹದಿನೇಳನೇ ಶತಮಾನದಲ್ಲಿ ಕಟ್ಟಿದ ಆಶ್ರಯ. ಬಾಗಿಲ ಮೇಲೆ ದಾನಿ ಜಾನ್ ಕವೇನ್‌ನ ಬೊಂಬೆ. ಹೊಸ ವರ್ಷದ ಹಿಂದಿನ ರಾತ್ರಿ ಈ ಕಲ್ಲಜ್ಜ ಕೆಳಗಿಳಿದು ಕುಣಿಯುತ್ತಾನೆ ಅಂತ ಊರವರು ಮಕ್ಕಳಿಗೆ ಹೇಳುತ್ತಾರೆ.

ಉಳಿದದ್ದು ನಾಳೆ ಬರೆಯುತ್ತೇನೆ.

ಸುಳ್ಯದವಳು_ಗ್ಲಾಸ್ಗೊ

ಊಟದ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿಯ ಕೆಫೆಗಳಲ್ಲಿ ‘ಲೆಂಟಿಲ್ ಸೂಪ್’ ಎಲ್ಲ ಕಡೆ ಸಿಗುತ್ತದೆ. ಕೆಂಪು ತೊಗರಿ ಕಟ್ಟು ಅಂತ ಅಮ್ಮ ಖುಷಿಯಿಂದ ತರಿಸಿಕೊಳ್ಳುತ್ತಾರೆ. ಆದರೆ ಹಳೆಯ ಪದ್ಧತಿಯಲ್ಲಿ ಅದನ್ನು ಹಂದಿ ಎಲುಬಿನ ಸಾರದಲ್ಲಿ ಬೇಯಿಸುತ್ತಾರೆ. ಸಸ್ಯಾಹಾರಿಯಾ ಅಂತ ಕೇಳಿಯೇ ತೆಗೆದುಕೊಳ್ಳಿ. ನನ್ನ ಅತ್ತೆಗೆ ಅರ್ಧ ಬಟ್ಟಲು ಕುಡಿದ ಮೇಲೆ ಗೊತ್ತಾಯಿತು. ಪಾಪ, ಆ ದಿನವೆಲ್ಲ ಏನೂ ತಿನ್ನಲಿಲ್ಲ. ನನಗೆ ಇವತ್ತಿಗೂ ಅದು ಕೊರೆಯುತ್ತದೆ.

ಹಾಗೆಯೇ ಹ್ಯಾಗಿಸ್ ಅನ್ನುವ ಇಲ್ಲಿಯ ಹೆಸರಾಂತ ಮಾಂಸದಡುಗೆಗೆ ಸಸ್ಯಾಹಾರಿ ರೂಪ ಕೂಡ ಇದೆ. ಓಟ್ಸ್, ಬೇಳೆ, ಕಾಳು, ತರಕಾರಿ, ಮೆಣಸು ಹಾಕಿರುತ್ತಾರೆ. ಖಾರ ಹಿತವಾಗಿರುತ್ತದೆ. ಬೆಳಿಗ್ಗೆ ಓಟ್ಸ್ ಗಂಜಿ ಕೇಳಿದರೆ ಉಪ್ಪು ಹಾಕಿಯೇ ಕೊಡುವವರಿದ್ದಾರೆ. ಇಲ್ಲಿಯವರಿಗೆ ಓಟ್ಸ್ ಅಂದರೆ ಮಂಡ್ಯದವರಿಗೆ ರಾಗಿ ಇದ್ದ ಹಾಗೆ. ಸಿಹಿಗೆ ‘ಟ್ಯಾಬ್ಲೆಟ್’ ಕೊಡಿಸಿ. ಹಾಲು, ಸಕ್ಕರೆ, ಬೆಣ್ಣೆ ಕಾಯಿಸಿ ಮಾಡಿದ ಬರ್ಫಿಯ ಥರ, ಬಾಯಲ್ಲಿಟ್ಟರೆ ಪುಡಿಯಾಗುತ್ತದೆ.

ಐದು ದಿನಕ್ಕೆ ಅಡುಗೆಮನೆ ಇರುವ ಮನೆ ಸಿಕ್ಕರೆ ಅದನ್ನೇ ಹಿಡಿಯಿರಿ. ಸಂಜೆ ಅನ್ನ-ಸಾರು ಇದ್ದರೆ ಹಿರಿಯರಿಗೆ ಮರುದಿನ ನಡೆಯುವ ಶಕ್ತಿ ಬರುತ್ತದೆ.

ಫೋರ್ತ್_ದಂಡೆ

ಈಗ 1297ರ ಯುದ್ಧ ಗೆದ್ದ ಸ್ಕಾಟ್ ವೀರ ವಿಲಿಯಂ ವಾಲೇಸ್‌ನ ಸ್ಮಾರಕದ ಬಗ್ಗೆ. ಊರಿನ ಆಚೆ ಆ್ಯಬಿ ಕ್ರೇಗ್ ಗುಡ್ಡದ ಮೇಲೆ 67 ಮೀಟರ್ ಎತ್ತರದ ಗೋಪುರ, 1869ರಲ್ಲಿ ಮುಗಿದದ್ದು. ಒಳಗೆ 246 ಮೆಟ್ಟಿಲು, ಕಿರಿದಾದ ಸುತ್ತು ಮೆಟ್ಟಿಲು. ಲಿಫ್ಟ್ ಇಲ್ಲ. ಅಮ್ಮ ಖಂಡಿತ ಹತ್ತಬಾರದು. ಅಪ್ಪ ಮತ್ತು ತಮ್ಮ ಹತ್ತಲಿ. ವಾಲೇಸ್‌ನದು ಅಂತ ಹೇಳುವ ಉದ್ದದ ಕತ್ತಿ ಒಳಗಿದೆ. ತುದಿಯಿಂದ ನೋಡಿದರೆ ನದಿಯ ತಿರುವುಗಳು ಒಂದೊಂದೂ ಎಣಿಸುವ ಹಾಗೆ ಕಾಣುತ್ತವೆ.

ಆ ಹೊತ್ತಿನಲ್ಲಿ ನೀವು ಅಮ್ಮನನ್ನು ಕ್ಯಾಂಬಸ್‌ಕೆನ್ನೆತ್‌ಗೆ ಕರೆದುಕೊಂಡು ಹೋಗಿ. ಊರಿನ ಕಡೆಯಿಂದ ನದಿಗೆ ಕಾಲುಸೇತುವೆ ಇದೆ, ದಾರಿ ಸಮತಟ್ಟು. ಒಂದು ಕಾಲದ ದೊಡ್ಡ ಮಠದಲ್ಲಿ ಈಗ ಗಂಟೆ ಗೋಪುರ ಮಾತ್ರ ನಿಂತಿದೆ, ಉಳಿದದ್ದು ಬುನಾದಿ. 1488ರಲ್ಲಿ ಹತ್ತಿರದಲ್ಲೇ ಸತ್ತ ಮೂರನೇ ಜೇಮ್ಸ್‌ನ ಸಮಾಧಿ ಅಲ್ಲಿದೆ. ದುಡ್ಡು ಕೊಡಬೇಕಾಗಿಲ್ಲ, ಜನವೂ ಇರುವುದಿಲ್ಲ. ಹುಲ್ಲಿನ ಮೇಲೆ ಕೂತು ಕೋಟೆ ನೋಡುತ್ತಾ ಬುತ್ತಿ ಬಿಚ್ಚಬಹುದು. ಈ ಊರಿನಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದು.

ಹಾಸನದ_ಮೇಷ್ಟ್ರು

ವಾಲೇಸ್ ಕಥೆಯ ‘ಬ್ರೇವ್‌ಹಾರ್ಟ್’ ಸಿನಿಮಾ ನೋಡಿ ಹೋಗುವವರಿಗೆ ಒಂದು ಮಾತು. ಅದರ ಸ್ಟರ್ಲಿಂಗ್ ಯುದ್ಧದಲ್ಲಿ ಸೇತುವೆಯೇ ಇಲ್ಲ! ಆದರೆ ಆ ದಿನ ಗೆಲ್ಲಿಸಿದ್ದೇ ಸೇತುವೆ. ಮರದ ಸೇತುವೆ, ಇಬ್ಬರು ಸವಾರರು ಅಕ್ಕಪಕ್ಕ ಹೋಗುವಷ್ಟು ಅಗಲ. ಇಂಗ್ಲಿಷ್ ಸೈನ್ಯ ಅರ್ಧಂಬರ್ಧ ದಾಟುವವರೆಗೂ ವಾಲೇಸ್ ಮತ್ತು ಆ್ಯಂಡ್ರೂ ಮರೇ ಗುಡ್ಡದ ಬಳಿ ಕಾದರು. ಆಮೇಲೆ ಮೇಲೆ ಬಿದ್ದು ಸೇತುವೆಯ ಬಾಯಿ ಮುಚ್ಚಿದರು. ಈ ಕಡೆ ಬಂದವರಿಗೆ ಹಿಂದೆ ಹೋಗಲು ದಾರಿಯಿಲ್ಲ, ಕಾಲಡಿ ಮೆತ್ತನೆ ನೆಲ, ಮೂರು ಕಡೆ ನದಿ. ಮರೇ ಆ ಯುದ್ಧದಲ್ಲಿ ಆದ ಗಾಯದಿಂದ ತೀರಿಕೊಂಡ. ಅವನ ಹೆಸರು ಯಾರ ಬಾಯಲ್ಲೂ ಇಲ್ಲ ಅನ್ನುವುದು ನನಗೆ ನೋವು. ಈಗ ಕಾಣುವ ಕಲ್ಲಿನ ಸೇತುವೆ ಸುಮಾರು 1500ರದು, ಮರದ ಸೇತುವೆ ಇದ್ದದ್ದು ಅದಕ್ಕಿಂತ ಸ್ವಲ್ಪ ಮೇಲ್ಗಡೆ.

ಈಗ ಮುಖ್ಯ ವಿಷಯ. ತಂಗಿ, ನೀವು ಪಾಂಡವಪುರದವರು ಅಂತ ನೋಡಿ ಇದನ್ನು ಬರೆಯಲೇಬೇಕು ಅನಿಸಿತು. ಸ್ಟರ್ಲಿಂಗ್‌ನಿಂದ ಸುಮಾರು 26 ಕಿಲೋಮೀಟರ್ ದೂರದಲ್ಲಿ ಕ್ಯಾಲಂಡರ್ ಅನ್ನುವ ಪೇಟೆ ಇದೆ. ಅದರ ಪಕ್ಕದ ಲೆನಿ ಎಸ್ಟೇಟ್ ಫ್ರಾನ್ಸಿಸ್ ಬುಕನನ್ ಮನೆತನದ್ದು. ಹೌದು, ಅದೇ ಬುಕನನ್! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿ ಅಪ್ಪಣೆಯಂತೆ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಪೂರ್ತಿ ಸುತ್ತಿದ ಡಾಕ್ಟರು. ಓದಿದ್ದು ಎಡಿನ್‌ಬರೋದಲ್ಲಿ ವೈದ್ಯ. ನೋಡಿ ಬರೆದದ್ದು ನಮ್ಮ ನೆಲ, ಬಿತ್ತನೆ, ರಾಗಿ, ಕೆರೆ, ನೇಗಿಲು, ಮಗ್ಗ, ಕಬ್ಬಿಣದ ಕುಲುಮೆ, ಚನ್ನಪಟ್ಟಣದ ವಾದ್ಯದ ತಂತಿ. 1807ರಲ್ಲಿ ಮೂರು ಸಂಪುಟವಾಗಿ ಬಂತು. ಕಂಪನಿ ಸರ್ಕಾರ ತಾನು ಗೆದ್ದ ನೆಲದಲ್ಲಿ ಏನು ಬೆಳೆಯುತ್ತದೆ, ಎಷ್ಟು ಕಂದಾಯ ಬರುತ್ತದೆ ಅಂತ ತಿಳಿಯಲು ಕಳಿಸಿದ್ದು ಅನ್ನುವುದನ್ನು ಮರೆಯಬಾರದು. ಆದರೂ ಆ ಕಾಲದ ನಮ್ಮ ರೈತರ ಬದುಕನ್ನು ಅಷ್ಟು ವಿವರವಾಗಿ ಬರೆದಿಟ್ಟವರು ಕಡಿಮೆ. ಅವನು ಮೇಲುಕೋಟೆಗೂ ತೊಣ್ಣೂರಿಗೂ ಬಂದಿದ್ದ. ನಿಮ್ಮ ಊರ ಪಕ್ಕವೇ ಅಲ್ವಾ?

ಕ್ರೀಫ್ ಅನ್ನುವ ಊರಿನ ಹತ್ತಿರ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್‌ನ ಸ್ಮಾರಕ ಕಂಬವೂ ಇದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸಿಕ್ಕಿಬಿದ್ದು ಶ್ರೀರಂಗಪಟ್ಟಣದ ಸೆರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಇದ್ದವನು. 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ಪಡೆಯ ಮುಂದಾಳು. ಬುಕನನ್ ಮತ್ತು ಬೇರ್ಡ್ ಇಬ್ಬರೂ ಸತ್ತದ್ದು 1829ರಲ್ಲಿ, ಎರಡು ತಿಂಗಳ ಅಂತರದಲ್ಲಿ, ಒಂದೇ ಸೀಮೆಯಲ್ಲಿ. ಕ್ರೀಫ್‌ಗೆ ಕಾರಿಲ್ಲದೆ ಹೋಗುವುದು ಕಷ್ಟ, ಬಿಡಿ. ಕ್ಯಾಲಂಡರ್ ಮಾತ್ರ ಬಿಡಬೇಡಿ.

ಪಾಂಡವಪುರದ_ಮಗಳು

ಮೇಷ್ಟ್ರೇ, ಓದಿ ಮೈ ಜುಮ್ಮೆಂದಿತು. ತೊಣ್ಣೂರು ಕೆರೆ ನಮ್ಮ ಮನೆಯಿಂದ ಸೈಕಲ್ ದೂರ. ಇವತ್ತೇ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ “ಅವನ ಊರಲ್ಲಿ ಏನು ಬೆಳೀತಾರೆ?” ಅಂತ ಕೇಳಿದರು.

ಸ್ಟರ್ಲಿಂಗ್‌ನಲ್ಲೇ ಮನೆ ಬುಕ್ ಮಾಡಿದ್ದೇನೆ. ಕ್ಯಾಲಂಡರ್‌ಗೆ ಬಸ್ ಇದೆಯಾ?

ಫೋರ್ತ್_ದಂಡೆ

ಇದೆ. ಬ್ಲೇರ್ ಡ್ರಮ್ಮಂಡ್, ಡೂನ್ ದಾಟಿ ಹೋಗುತ್ತದೆ. ಅಪ್ಪನ ಪ್ರಶ್ನೆಗೆ ಉತ್ತರ ಬಸ್ಸಿನ ಕಿಟಕಿಯಲ್ಲೇ ಸಿಗುತ್ತದೆ. ಈ ಬಯಲಿಗೆ ಕಾರ್ಸ್ ಅನ್ನುತ್ತಾರೆ. ಜೇಡಿಮಣ್ಣು. ತಿಮೊಥಿ ಅನ್ನುವ ಹುಲ್ಲು ಬೆಳೆದು ಒಣಗಿಸಿ ಮಾರುವುದಕ್ಕೆ ಹೆಸರುವಾಸಿ.

ಆದರೆ ಅದು ಹೊಲವಾದ ಕಥೆ ಕೇಳಿ. ಹಿಂದೆ ಆ ಮಣ್ಣಿನ ಮೇಲೆ ಆಳೆತ್ತರಕ್ಕಿಂತ ಜಾಸ್ತಿ ಪೀಟ್ ಇತ್ತು. ಸಾವಿರಾರು ವರ್ಷ ಪಾಚಿ ಕೊಳೆಯದೆ ಒಂದರ ಮೇಲೊಂದು ಕೂತು ಆದ ಕಪ್ಪು ಪದರ. ಮೇಲೆ ಏನೂ ಬೆಳೆಯುವುದಿಲ್ಲ. 1760ರ ದಶಕದಲ್ಲಿ ಬ್ಲೇರ್ ಡ್ರಮ್ಮಂಡ್ ಎಸ್ಟೇಟಿನ ಲಾರ್ಡ್ ಕೇಮ್ಸ್ ಒಂದು ಉಪಾಯ ಮಾಡಿದ. ಕಾಲುವೆ ತೋಡಿ ನೀರು ಹರಿಸುವುದು, ಪೀಟನ್ನು ಕಡಿದು ಕಡಿದು ಆ ನೀರಿಗೆ ಎಸೆಯುವುದು, ಅದು ತೇಲಿಕೊಂಡು ಫೋರ್ತ್ ನದಿ ಸೇರುವುದು. ನೀರು ಸಾಲದೆ ಮುಂದೆ ದೊಡ್ಡ ಚಕ್ರ ಕಟ್ಟಿ ಟೀತ್ ನದಿಯಿಂದ ನೀರೆತ್ತಿದರು. ಭೂಮಿ ಇಲ್ಲದ ಹೈಲ್ಯಾಂಡ್ (ಉತ್ತರದ ಬೆಟ್ಟಸೀಮೆ) ಕುಟುಂಬಗಳಿಗೆ ತುಂಡು ತುಂಡು ಜಾಗ ಗೇಣಿಗೆ ಕೊಟ್ಟಿದ್ದರು. ಅವರು ಪೀಟಿನಲ್ಲೇ ಗುಡಿಸಲು ಕೊರೆದುಕೊಂಡು, ವರ್ಷಗಟ್ಟಲೆ ಗುದ್ದಲಿ ಹಿಡಿದು ಕೆಳಗಿನ ಮಣ್ಣು ಕಾಣುವವರೆಗೂ ಕಡಿದರು. ಕೋಟೆ, ರಾಜರಿಗಿಂತ ಈ ಜನರ ನೆನಪು ನನಗೆ ದೊಡ್ಡದು ಅನಿಸುತ್ತದೆ. ಅವರಿಗೆ ಇಲ್ಲಿ ಒಂದು ಗೋಪುರವಿಲ್ಲ.

ಕಡಿಯದೆ ಉಳಿದ ಭಾಗವೂ ಇದೆ, ಫ್ಲಾಂಡರ್ಸ್ ಮಾಸ್. ಬ್ರಿಟನ್ನಿನ ಅತಿ ದೊಡ್ಡ ಜೌಗು ಪೀಟ್ ನೆಲಗಳಲ್ಲಿ ಒಂದು. ಈಗ ಅದನ್ನು ಕಾಪಾಡುತ್ತಿದ್ದಾರೆ, ಯಾಕೆಂದರೆ ಪೀಟ್ ಒಣಗಿದರೆ ಅದರೊಳಗಿನ ಇಂಗಾಲ ಗಾಳಿ ಸೇರುತ್ತದೆ. ಮರದ ಹಲಗೆ ದಾರಿ ಹಾಕಿದ್ದಾರೆ, ಸಮತಟ್ಟು, ಅಮ್ಮನಿಗೂ ಆಗುತ್ತದೆ. ಟ್ಯಾಕ್ಸಿ ಬೇಕು. ಜೂನ್‌ನಲ್ಲಿ ಮಿಜ್ ಕಾಟ ಇದೆ, ನೊರಜಿಗಿಂತ ಸಣ್ಣ, ಕಚ್ಚುತ್ತದೆ. ಗಾಳಿ ಇರುವ ದಿನ ಹೋಗಿ.

ಸುಳ್ಯದವಳು_ಗ್ಲಾಸ್ಗೊ

ಕ್ಯಾಲಂಡರ್‌ಗೆ ಭಾನುವಾರ ಹೋಗಬೇಡಿ. ಬಸ್ ಕಡಿಮೆ. ನಾವು ವಾರದ ದಿನದ ವೇಳಾಪಟ್ಟಿ ನಂಬಿಕೊಂಡು ಸಂಜೆ ಎರಡು ಮಕ್ಕಳ ಜೊತೆ ಮಳೆಯಲ್ಲಿ ನಿಂತೆವು. ಕೊನೆಗೆ ಟ್ಯಾಕ್ಸಿಗೆ ಕೊಟ್ಟ ದುಡ್ಡಿನಲ್ಲಿ ನಾಲ್ಕು ಜನರ ಊಟ ಆಗುತ್ತಿತ್ತು. ಹೊರಡುವ ಮೊದಲೇ ವಾಪಸ್ ಬರುವ ಕೊನೆಯ ಬಸ್ ನೋಡಿಕೊಳ್ಳಿ.

ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಬೆಳಕಿದೆ ಅಂತ ಹೊತ್ತೇ ಗೊತ್ತಾಗುವುದಿಲ್ಲ. ಅಂಗಡಿ, ಕೆಫೆಗಳು ಮಾತ್ರ ಐದು, ಆರಕ್ಕೆ ಬಾಗಿಲು ಹಾಕುತ್ತವೆ.

ಮಳೆಬಿಲ್ಲು

ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಸಲಹೆ ವಾಪಸ್ ತೆಗೆದುಕೊಳ್ಳುತ್ತೇನೆ. ಒಂದು ಸೇರಿಸಲಾ? ಅಪ್ಪನಿಗೆ ನೀರಿನ ಕೆಲಸ ಇಷ್ಟ ಅಂದಿರಿ. ಫಾಲ್‌ಕರ್ಕ್ ವೀಲ್ ತೋರಿಸಿ. ಎರಡು ಕಾಲುವೆ, ನಡುವೆ ಸುಮಾರು 35 ಮೀಟರ್ ಎತ್ತರದ ವ್ಯತ್ಯಾಸ. ಮೊದಲು 11 ಲಾಕ್‌ಗಳನ್ನು (ಗೇಟು ಇರುವ ನೀರಿನ ತೊಟ್ಟಿ) ತುಂಬಿಸಿ, ಖಾಲಿ ಮಾಡಿ ದೋಣಿ ಹತ್ತಿಸುತ್ತಿದ್ದರು. 2002ರಲ್ಲಿ ಅದರ ಬದಲು ದೊಡ್ಡ ತಿರುಗುವ ಚಕ್ರ ಮಾಡಿದರು, ಅದು ದೋಣಿಯನ್ನು 24 ಮೀಟರ್ ಎತ್ತುತ್ತದೆ, ಉಳಿದ ಎತ್ತರಕ್ಕೆ ಎರಡು ಲಾಕ್. ಎರಡು ತೊಟ್ಟಿಯಲ್ಲೂ ನೀರು ಒಂದೇ ಮಟ್ಟ. ದೋಣಿ ಒಳಗೆ ಬಂದರೆ ತನ್ನ ತೂಕದಷ್ಟೇ ನೀರನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ತಕ್ಕಡಿ ಯಾವಾಗಲೂ ಸಮ, ತಿರುಗಿಸಲು ತೀರಾ ಕಡಿಮೆ ಕರೆಂಟ್ ಸಾಕು. ನನ್ನ ಮಾವ ಒಂದು ಗಂಟೆ ಅಲ್ಲಿಂದ ಅಲುಗಾಡಲಿಲ್ಲ.

ಪಾಂಡವಪುರದ_ಮಗಳು (ನಾಲ್ಕು ವಾರದ ನಂತರ)

ಹೋಗಿ ಬಂದೆವು. ಅಪ್ಪ-ಅಮ್ಮ ಮೊನ್ನೆ ಊರು ತಲುಪಿದರು. ನಿಮಗೆಲ್ಲ ಹೇಳದೆ ಇರಲು ಆಗಲಿಲ್ಲ.

ಕೋಟೆಯಲ್ಲಿ ಅಮ್ಮನಿಗೆ ಅತಿ ಇಷ್ಟವಾದದ್ದು ನೇಯ್ಗೆ. ಹತ್ತಿರ ನಿಂತು ದಾರ ದಾರವನ್ನೂ ನೋಡಿದರು. ಕ್ಯಾಂಬಸ್‌ಕೆನ್ನೆತ್‌ನಲ್ಲಿ ನಾವಿಬ್ಬರೇ ಕೂತು ಚಿತ್ರಾನ್ನ ತಿಂದೆವು. ಅಮ್ಮ ನನ್ನ ಹತ್ತಿರ ಅಷ್ಟು ಹೊತ್ತು ಒಬ್ಬರೇ ಕೂತು ಮಾತಾಡಿ ಎಷ್ಟೋ ವರ್ಷವಾಗಿತ್ತು. ಫೋರ್ತ್ ದಂಡೆ ಅಣ್ಣ, ಆ ಜಾಗಕ್ಕಾಗಿ ನಿಮಗೆ ಋಣಿ.

ಬ್ಯಾನಕ್‌ಬರ್ನ್ ಮಳೆಯಿಂದಾಗಿ ಆಗಲಿಲ್ಲ. ವೀಲ್ ಆಯಿತು, ಅಪ್ಪ ಎರಡು ಸಲ ತಿರುಗುವುದನ್ನು ನೋಡಿದರು. ಫ್ಲಾಂಡರ್ಸ್ ಮಾಸ್‌ನಲ್ಲಿ ಹಲಗೆ ಮೇಲೆ ಬಗ್ಗಿ ಪಾಚಿ ಮುಟ್ಟಿ, ಅಷ್ಟು ಕಡಿದವರ ಕೈ ಹೇಗಿತ್ತೋ ಅಂದರು.

ಕ್ಯಾಲಂಡರ್‌ಗೆ ಮಂಗಳವಾರ ಹೋದೆವು. ಹಳೆಯ ರೈಲು ದಾರಿಯನ್ನು ನಡೆಯುವ ದಾರಿ ಮಾಡಿದ್ದಾರೆ, ಏರಿಳಿತವಿಲ್ಲ, ಅಮ್ಮನೂ ಸ್ವಲ್ಪ ದೂರ ಬಂದರು. ಕಿಲ್‌ಮಹಾಗ್ ಹತ್ತಿರ ಕಣ್ಣು ಮುಚ್ಚುವಷ್ಟು ಕೂದಲಿನ ಹೈಲ್ಯಾಂಡ್ ದನಗಳಿವೆ. ಅಪ್ಪ ಬೇಲಿ ಪಕ್ಕ ನಿಂತು “ಬಾ ಬಾ” ಅಂತ ಕರೆದರು, ಒಂದು ಬಂದೇ ಬಂತು. ಲೆನಿ ಮನೆ ಖಾಸಗಿ, ಒಳಗೆ ಹೋಗಲಿಲ್ಲ. ನದಿಯ ಪಕ್ಕ ಒಂದು ಬಂಡೆ ಮೇಲೆ ಕೂತೆವು.

ಮೇಷ್ಟ್ರೇ, ನಿಮ್ಮ ಮಾತು ಕೇಳಿ ಬುಕನನ್ ಪುಸ್ತಕವನ್ನು ಫೋನಿಗೆ ಇಳಿಸಿಕೊಂಡಿದ್ದೆ. ರಾಗಿ ಬೇಸಾಯದ ಪುಟಗಳನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಆಗಾಗ “ಹೂಂ” ಅಂದರು. ಮಧ್ಯೆ ಒಂದು ಕಡೆ ತಡೆದು, “ಇದನ್ನೆಲ್ಲ ಅವನಿಗೆ ಹೇಳಿದ ರೈತರ ಹೆಸರು ಬರೆದಿದ್ದಾನಾ?” ಅಂತ ಕೇಳಿದರು. ನಾನು ಹುಡುಕಿದೆ. ಆ ಪುಟಗಳಲ್ಲಿ ನನಗೆ ಸಿಗಲಿಲ್ಲ.

ಹಾಸನದ_ಮೇಷ್ಟ್ರು

ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ ತಂಗಿ. ಮುಂದಿನ ತಿಂಗಳು ಮೇಲುಕೋಟೆಗೆ ಬರುವುದಿದೆ. ಅವರು ಒಪ್ಪಿದರೆ ತೊಣ್ಣೂರು ಕೆರೆ ಏರಿ ಮೇಲೆ ಒಂದು ಗಂಟೆ ಅವರ ಜೊತೆ ನಡೆಯಬೇಕು.

ಪಾಂಡವಪುರದ_ಮಗಳು

ಈಗಷ್ಟೇ ಕೇಳಿದೆ ಸರ್. ಬೆಳಿಗ್ಗೆ ಬೇಗ ಬನ್ನಿ, ಮನೆಯಲ್ಲೇ ತಿಂಡಿ ಅಂದರು.